ಸೆನ್ಸರ್ ಬದಲಿಸುವ ಮೊದಲು ಸೈಲೆನ್ಸರ್ ಗ್ಯಾಸ್ಕೆಟ್ ನೋಡಿ

"ಸೆನ್ಸರ್ ಹೋಗಿದೆ."

ಬಿಎಸ್6 ಬೈಕ್ ಬಂದಮೇಲೆ ಹೋಬಳಿ ಗ್ಯಾರೇಜುಗಳಲ್ಲಿ ಇಷ್ಟು ಸಲೀಸಾಗಿ ಬರುವ ಮಾತು ಇನ್ನೊಂದಿಲ್ಲ. ಮೀಟರ್ ಬೋರ್ಡಿನಲ್ಲಿ ಹಳದಿ ಇಂಜಿನ್ ಲೈಟ್ ಹತ್ತಿದರೂ ಅದೇ ಮಾತು, ಮೈಲೇಜ್ ಬಿದ್ದರೂ ಅದೇ ಮಾತು, ಪ್ಲಗ್ ಕಪ್ಪಾದರೂ ಅದೇ ಮಾತು. ಆಮೇಲೆ ಎರಡು ದಾರಿ. ದುಡ್ಡು ಇದ್ದವರಿಗೆ ಹೊಸ ಆಕ್ಸಿಜನ್ ಸೆನ್ಸರ್. ಇಲ್ಲದವರಿಗೆ ಕಪ್ಲರ್ ಬಿಚ್ಚಿ, ವೈರಿಗೆ ಟೇಪ್ ಸುತ್ತಿ, "ಓಡಿಸ್ಕೊಳ್ಳಿ ಅಣ್ಣ, ಏನೂ ಆಗಲ್ಲ" ಎಂಬ ಸಮಾಧಾನ.

ಪರೀಕ್ಷೆ ಮಾಡದೆ ಈ ಎರಡರಲ್ಲಿ ಯಾವುದನ್ನು ಮಾಡಿದರೂ ನಷ್ಟ ಗಾಡಿ ಮಾಲೀಕನದ್ದೇ. ಈ ನಷ್ಟಕ್ಕೆ ಮೆಕ್ಯಾನಿಕ್ ಒಬ್ಬನನ್ನೇ ಬೈದು ಪ್ರಯೋಜನವಿಲ್ಲ ಅನ್ನುವುದನ್ನೂ ಸೇರಿಸಿ ಹೇಳುತ್ತೇನೆ. ಪರೀಕ್ಷೆಗೆ ದುಡ್ಡು ಕೊಡದ ನಾವು, ಮಾಹಿತಿ ಬಚ್ಚಿಡುವ ಕಂಪನಿಗಳು, ಹಳ್ಳಿ ಗ್ಯಾರೇಜನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ತರಬೇತಿ ವ್ಯವಸ್ಥೆ, ಎಲ್ಲರ ಪಾಲೂ ಇದರಲ್ಲಿದೆ.

ಅದಕ್ಕೂ ಮೊದಲು ಈ ಸೆನ್ಸರ್ ಮಾಡುವ ಕೆಲಸ ಏನು ಅಂತ ನೋಡೋಣ.

ಒಲೆ ಮುಂದೆ ಕೂತ ಅಜ್ಜಿಯ ಕೆಲಸ

ಸೌದೆ ಒಲೆ ಉರಿಸುವವರಿಗೆ ಇದು ಗೊತ್ತು. ಹೊಗೆ ಜಾಸ್ತಿ ಬಂದರೆ ಸೌದೆ ಹೆಚ್ಚಾಗಿದೆ, ಗಾಳಿ ಸಾಲುತ್ತಿಲ್ಲ. ಅಜ್ಜಿ ಹೊಗೆ ನೋಡಿಯೇ ಒಂದು ಕೊಳ್ಳಿ ಹಿಂದಕ್ಕೆ ಎಳೆಯುತ್ತಾಳೆ, ಇಲ್ಲವೇ ಊದುಗೊಳವೆ ತೆಗೆದುಕೊಳ್ಳುತ್ತಾಳೆ. ಆಕ್ಸಿಜನ್ ಸೆನ್ಸರ್ ಕೂಡ ಸೈಲೆನ್ಸರ್ ಪೈಪಿನಲ್ಲಿ ಕೂತು ಹೊಗೆ ನೋಡುತ್ತೆ. ಸುಟ್ಟ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಅಂತ ಇಸಿಯುಗೆ, ಅಂದರೆ ಗಾಡಿಯ ಪುಟ್ಟ ಕಂಪ್ಯೂಟರಿಗೆ, ತಿಳಿಸುತ್ತೆ. ಅದನ್ನು ಕೇಳಿ ಇಸಿಯು ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತೆ.

ಪೆಟ್ರೋಲ್ ಸರಿಯಾಗಿ ಸುಡಲು ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಸೆನ್ಸರಿನ ಒಳಗೆ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತು ಇರುತ್ತೆ. ಅದು ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿ ಕಾದ ಮೇಲೆ ಕೆಲಸಕ್ಕೆ ಬರುತ್ತೆ. ಒಂದು ಕಡೆ ಹೊರಗಿನ ಗಾಳಿ, ಇನ್ನೊಂದು ಕಡೆ ಹೊಗೆ. ಎರಡರ ಆಮ್ಲಜನಕದಲ್ಲಿ ವ್ಯತ್ಯಾಸ ಇದ್ದರೆ ತಾನೇ ಸಣ್ಣ ವಿದ್ಯುತ್ ಹುಟ್ಟಿಸುತ್ತೆ. ಪೆಟ್ರೋಲ್ ಜಾಸ್ತಿ ಇದ್ದರೆ ಸುಮಾರು 0.9 ವೋಲ್ಟ್, ಗಾಳಿ ಜಾಸ್ತಿ ಇದ್ದರೆ ಸುಮಾರು 0.1 ವೋಲ್ಟ್. ಚೆನ್ನಾಗಿ ಓಡುತ್ತಿರುವ ಇಂಜಿನ್ನಿನಲ್ಲಿ ಈ ಅಂಕಿ ಎರಡರ ನಡುವೆ ಏರುತ್ತಾ ಇಳಿಯುತ್ತಾ ಇರುತ್ತೆ.

ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಬೋಷ್ ಕಂಪನಿ 1976ರಲ್ಲೇ ಇದನ್ನು ಕಾರುಗಳಿಗಾಗಿ ತಯಾರಿಸಲು ಶುರು ಮಾಡಿತು. ವೋಲ್ವೋ ಕಾರಿನಲ್ಲಿ ಮೊದಲು ಬಂತು. ನಮ್ಮ ಹಾಲಿನ ಕ್ಯಾನ್ ಹೊರುವ ಬೈಕಿಗೆ ಬರಲು 40 ವರ್ಷ ದಾಟಿತು. ಏಪ್ರಿಲ್ 1, 2020ರಿಂದ ದೇಶದಲ್ಲಿ ಬಿಎಸ್6 ನಿಯಮ ಜಾರಿಯಾಯಿತು. ಕಾರ್ಬೊರೇಟರ್ ಹೋಗಿ ಬಹುತೇಕ ಎಲ್ಲ ಬೈಕು, ಸ್ಕೂಟರುಗಳಿಗೆ ಇಂಜೆಕ್ಟರ್ ಬಂತು. ಅದರ ಜೊತೆಗೇ ಆಕ್ಸಿಜನ್ ಸೆನ್ಸರ್ ಕೂಡ ಹಳ್ಳಿ ರಸ್ತೆಗೆ ಇಳಿಯಿತು. ಸ್ಕ್ರೂಡ್ರೈವರ್ ತಿರುಗಿಸಿ, ಇಂಜಿನ್ ಸದ್ದು ಕೇಳಿ ಟ್ಯೂನಿಂಗ್ ಮಾಡುತ್ತಿದ್ದ ಮೆಕ್ಯಾನಿಕ್ಕಿಗೆ ಅದನ್ನು ಹೇಗೆ ಪರೀಕ್ಷಿಸಬೇಕು ಅಂತ ಮಾತ್ರ ಯಾರೂ ಬಂದು ಹೇಳಿಕೊಡಲಿಲ್ಲ.

ಸುದ್ದಿ ತಂದವನಿಗೇ ಏಟು

ಇಂಜಿನ್ ಲೈಟ್ ಹತ್ತಿದಾಗ ಸ್ಕ್ಯಾನರ್ ಹಾಕಿದರೆ ಒಂದು ಕೋಡ್ ಬರುತ್ತೆ. ಪಿ0131 ಅಂದರೆ ಸೆನ್ಸರ್ ಸಿಗ್ನಲ್ಲಿನ ವೋಲ್ಟೇಜ್ ಕಡಿಮೆ. ಪಿ0132 ಅಂದರೆ ಜಾಸ್ತಿ. ಪಿ0135 ಅಂದರೆ ಸೆನ್ಸರ್ ಒಳಗಿನ ಹೀಟರ್ ಸರ್ಕ್ಯೂಟಿನಲ್ಲಿ ದೋಷ. ಪಿ0171 ಅಂದರೆ ಮಿಶ್ರಣದಲ್ಲಿ ಗಾಳಿ ಜಾಸ್ತಿ.

ಇದರಲ್ಲಿ ಯಾವ ಕೋಡೂ "ಸೆನ್ಸರ್ ಬದಲಿಸು" ಅಂತ ಹೇಳುವುದಿಲ್ಲ. "ಇಲ್ಲಿ ಏನೋ ಸರಿಯಿಲ್ಲ, ನೋಡು" ಅನ್ನುತ್ತೆ ಅಷ್ಟೇ. ಕೋಡಿನಲ್ಲಿ ಸೆನ್ಸರ್ ಹೆಸರು ಬಂದ ತಕ್ಷಣ ಸೆನ್ಸರೇ ಕಳ್ಳ ಅಂದುಕೊಳ್ಳುವುದು, ಕಳ್ಳತನ ಆಗಿದೆ ಅಂತ ದೂರು ಕೊಟ್ಟವನನ್ನೇ ಠಾಣೆಯಲ್ಲಿ ಕೂರಿಸಿದ ಹಾಗೆ.

ನಮ್ಮ ಕಡೆ ತುಂಬಾ ಆಗುವ ಒಂದು ಉದಾಹರಣೆ ಹೇಳುತ್ತೇನೆ. ಸೈಲೆನ್ಸರಿನ ಬೆಂಡ್ ಪೈಪ್ ಇಂಜಿನ್ ಹೆಡ್ಡಿಗೆ ಸೇರುವ ಜಾಗದಲ್ಲಿ ಒಂದು ಗ್ಯಾಸ್ಕೆಟ್ ಇರುತ್ತೆ. ಗುಂಡಿ ಬಿದ್ದ ರಸ್ತೆಯಲ್ಲಿ ಹುಲ್ಲಿನ ಹೊರೆ, ಗೊಬ್ಬರದ ಮೂಟೆ ಹೊತ್ತು ಓಡಾಡಿದರೆ ಅಲ್ಲಿನ ನಟ್ಟು ಸಡಿಲವಾಗುತ್ತೆ. ಗ್ಯಾಸ್ಕೆಟ್ ಸುಟ್ಟು ಸಣ್ಣ ಸಂದು ಬೀಳುತ್ತೆ. ಆ ಸಂದಿನಿಂದ ಹೊಗೆ ಹೊರಗೆ ಹೋಗುವುದು ಎಲ್ಲರಿಗೂ ಕಾಣುತ್ತೆ. ಹೊರಗಿನ ಗಾಳಿ ಒಳಗೆ ಬರುವುದು ಕಾಣುವುದಿಲ್ಲ. ಇಂಜಿನ್ನಿನ ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಬಡಿತದ ಹಾಗೆ ಬಿಟ್ಟು ಬಿಟ್ಟು ಬರುತ್ತೆ. ಒಂದು ಬಡಿತ ಮುಗಿದು ಇನ್ನೊಂದು ಬರುವ ಮಧ್ಯೆ ಪೈಪಿನಲ್ಲಿ ಒತ್ತಡ ಬಿದ್ದಾಗ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತೆ.

ಆ ಗಾಳಿ ನೇರ ಸೆನ್ಸರಿಗೆ ತಾಗುತ್ತೆ. "ಆಮ್ಲಜನಕ ಜಾಸ್ತಿ ಇದೆ" ಅಂತ ಸೆನ್ಸರ್ ನಿಜವನ್ನೇ ಹೇಳುತ್ತೆ. ಇಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಇಸಿಯು ತಪ್ಪು ತಿಳಿದು ಪೆಟ್ರೋಲ್ ಸುರಿಯುತ್ತೆ. ಮೈಲೇಜ್ ಬೀಳುತ್ತೆ, ಪ್ಲಗ್ ಕಪ್ಪಾಗುತ್ತೆ, ಲೈಟ್ ಹತ್ತುತ್ತೆ. ಈಗ ಸಾವಿರಗಟ್ಟಲೆ ಕೊಟ್ಟು ಹೊಸ ಸೆನ್ಸರ್ ಹಾಕಿಸಿ. ಅದೂ ಅದನ್ನೇ ಹೇಳುತ್ತೆ, ಯಾಕೆಂದರೆ ಸಂದು ಅಲ್ಲೇ ಇದೆ. ಎರಡು ವಾರಕ್ಕೆ ಲೈಟ್ ಮತ್ತೆ ಹತ್ತಿದಾಗ "ಈಗ ಇಸಿಯು ಹೋಗಿದೆ" ಎಂಬ ಮಾತು ಬರುತ್ತೆ. ಬೇಕಿದ್ದದ್ದು ಒಂದು ಗ್ಯಾಸ್ಕೆಟ್.

ಕಿತ್ತುಹಾಕಿದರೆ ಏನಾಗುತ್ತೆ?

"ಬಿಚ್ಚಿ ಹಾಕಿದ ಮೇಲೆ ಗಾಡಿ ಚೆನ್ನಾಗೇ ಓಡ್ತಿದೆ" ಅನ್ನುವವರು ಇದ್ದಾರೆ. ಓಡುತ್ತೆ, ಸುಳ್ಳಲ್ಲ. ಸೆನ್ಸರ್ ಸಿಗ್ನಲ್ ಸಿಗದಿದ್ದರೆ ಇಸಿಯು ತನ್ನೊಳಗೆ ಬರೆದಿಟ್ಟ ಒಂದು ಸಿದ್ಧ ಲೆಕ್ಕದ ಮೇಲೆ ಗಾಡಿ ನಡೆಸುತ್ತೆ. ಆ ಲೆಕ್ಕ ಸಾಮಾನ್ಯವಾಗಿ ಪೆಟ್ರೋಲ್ ಸ್ವಲ್ಪ ಜಾಸ್ತಿ ಹಾಕುವ ಕಡೆಗೇ ಇರುತ್ತೆ. ಪಿಕಪ್ ಚೆನ್ನಾಗಿದೆ ಅನ್ನಿಸುವುದು ಅದಕ್ಕೇ. ದಿನಾ ಡೇರಿಗೆ, ತೋಟಕ್ಕೆ, ಪೇಟೆಗೆ ಓಡಿಸುವವರು ಒಂದು ತಿಂಗಳ ಪೆಟ್ರೋಲ್ ಲೆಕ್ಕ ಬರೆದಿಟ್ಟು ನೋಡಲಿ, ಪಿಕಪ್ಪಿಗೆ ಕೊಟ್ಟ ಬೆಲೆ ಗೊತ್ತಾಗುತ್ತೆ.

ಸುಡದೆ ಉಳಿದ ಪೆಟ್ರೋಲ್ ಸೈಲೆನ್ಸರ್ ಒಳಗಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಸುಡುತ್ತೆ. ಅದು ಅತಿಯಾಗಿ ಕಾದು ಹಾಳಾದರೆ ಸೆನ್ಸರಿಗಿಂತ ಎಷ್ಟೋ ದೊಡ್ಡ ಖರ್ಚು. ಜೊತೆಗೆ ಎಮಿಷನ್ ಟೆಸ್ಟ್ ಇದೆ. ಮಾಲಿನ್ಯದ ಮಿತಿ ಮೀರಿದ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಹಾಕಬಹುದು.

ಈಗ ಇನ್ನೊಂದು ಕಾರಣವೂ ಸೇರಿದೆ. ಬಂಕಿನಲ್ಲಿ ಸಿಗುತ್ತಿರುವುದು 20% ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಈ ಮಿಶ್ರಣಕ್ಕೆ ಬೇಕಾದ ಗಾಳಿಯ ಪಾಲು 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತೆ. ಸೆನ್ಸರ್ ಇದ್ದರೆ ಇಸಿಯು ಹೊಗೆ ನೋಡಿ ತನ್ನ ಲೆಕ್ಕ ಸರಿಮಾಡಿಕೊಳ್ಳಬಹುದು. ಸೆನ್ಸರ್ ಕಿತ್ತ ಗಾಡಿಯ ಇಸಿಯುಗೆ ಟ್ಯಾಂಕಿನಲ್ಲಿ ಏನಿದೆ ಅಂತ ತಿಳಿಯುವ ದಾರಿಯೇ ಇಲ್ಲ. ಆನ್‌ಲೈನಿನಲ್ಲಿ ಸಿಗುವ, ಸೆನ್ಸರ್ ಜಾಗಕ್ಕೆ ಸಿಕ್ಕಿಸುವ ರೆಸಿಸ್ಟರ್ ಪ್ಲಗ್ಗಿನ ಕಥೆಯೂ ಇಷ್ಟೇ. ಅದು ಲೈಟ್ ಆರಿಸುತ್ತೆ, ರೋಗ ವಾಸಿ ಮಾಡುವುದಿಲ್ಲ.

ಸದ್ದು ಮಾಡುವ ಸೈಲೆನ್ಸರ್ ಹಾಕಿಸುವ ಹುಡುಗರಿಗೂ ಒಂದು ಮಾತು. ಅಂಥ ಹಲವು ಸೈಲೆನ್ಸರುಗಳಲ್ಲಿ ಸೆನ್ಸರ್ ಕೂರಿಸುವ ಥ್ರೆಡ್ ಇರುವ ಜಾಗವೇ ಇರುವುದಿಲ್ಲ. ಸೆನ್ಸರನ್ನು ಫ್ರೇಮಿಗೆ ಕಟ್ಟಿ ಬಿಟ್ಟರೆ ಅದು ನೋಡುವುದು ಬರೀ ಹೊರಗಿನ ಗಾಳಿಯನ್ನು. ಇಸಿಯು ಆಗ ಪೆಟ್ರೋಲ್ ಸುರಿಯದೆ ಇನ್ನೇನು ಮಾಡೀತು?

ಮೊದಲು ಪರೀಕ್ಷೆ, ಆಮೇಲೆ ಪಾನಾ

ಹಾಗಂತ ಸೆನ್ಸರ್ ಕೆಡುವುದೇ ಇಲ್ಲ ಅಂತಲ್ಲ. ಇಂಜಿನ್ ಆಯಿಲ್ ಸುಟ್ಟು ಹೋಗುವ ಗಾಡಿಯಲ್ಲಿ ಅದರ ಮೇಲೆ ಪದರ ಕಟ್ಟುತ್ತೆ. ಸಿಲಿಕೋನ್ ಪೇಸ್ಟ್ ಹಚ್ಚಿ ಗ್ಯಾಸ್ಕೆಟ್ ಕೂರಿಸಿದರೆ ಆ ಆವಿ ಸೆನ್ಸರಿಗೆ ವಿಷ. ಒಂದೆರಡು ಕಿಲೋಮೀಟರ್ ದೂರದ ಡೇರಿಗೆ ಹೋಗಿ ಬಂದು ನಿಲ್ಲಿಸುವ ಗಾಡಿ ಸರಿಯಾಗಿ ಕಾಯುವುದೇ ಇಲ್ಲ, ಮಸಿ ಕೂರುತ್ತೆ. ಕೆರೆ ಏರಿಯ ಮೇಲೆ ಗಾಡಿ ನಿಲ್ಲಿಸಿದ ಕೂಡಲೇ ಕಾದ ಸೈಲೆನ್ಸರಿಗೆ ಬಕೆಟ್ಟಿನಲ್ಲಿ ನೀರು ಎರಚುವ ಅಭ್ಯಾಸ ನಮ್ಮಲ್ಲಿದೆ. ಒಳಗಿನದು ಪಿಂಗಾಣಿ, ಕಾದಾಗ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು.

ಸೆನ್ಸರ್ ನಿಜವಾಗಿ ಹೋಗಿದೆಯೋ ಇಲ್ಲವೋ ತಿಳಿಯಲು ದೊಡ್ಡ ಯಂತ್ರ ಬೇಕಿಲ್ಲ. ನೋಡಬೇಕಾದ ಸಾಲು ಇದು:

1. ಬೆಂಡ್ ಪೈಪಿನ ಗ್ಯಾಸ್ಕೆಟ್, ಸೆನ್ಸರಿಗೆ ಮುಂಚಿನ ಪೈಪು. ಸುತ್ತ ಮಸಿ ಗೆರೆ ಇದೆಯಾ, ಟಿಕ್ ಟಿಕ್ ಸದ್ದು ಬರುತ್ತಾ?
2. ವೈರು ಮತ್ತು ಕಪ್ಲರ್. ಇಲಿ ಕಡಿದಿದೆಯಾ, ಸೈಲೆನ್ಸರಿಗೆ ತಾಗಿ ಸುಟ್ಟಿದೆಯಾ, ಕಪ್ಲರ್ ಒಳಗೆ ನೀರು, ಹಸಿರು ತುಕ್ಕು ಇದೆಯಾ?
3. ಏರ್ ಫಿಲ್ಟರ್, ಪ್ಲಗ್, ಇಂಜೆಕ್ಟರ್. ಫಿಲ್ಟರ್ ಮಣ್ಣು ಹಿಡಿದಿದ್ದರೆ ಸೆನ್ಸರ್ ಏನು ಮಾಡೀತು?
4. ಇಂಜಿನ್ ಚೆನ್ನಾಗಿ ಕಾಯಿಸಿ, ಡಿಜಿಟಲ್ ಮೀಟರಿನಲ್ಲಿ ಸಿಗ್ನಲ್ ವೈರಿನ ವೋಲ್ಟೇಜ್. ಜಿರ್ಕೋನಿಯಾ ಸೆನ್ಸರ್ ಆದರೆ ಅಂಕಿ ಏರಿಳಿಯಬೇಕು. ಒಂದೇ ಕಡೆ ನಿಂತಿದ್ದರೆ ಅನುಮಾನಕ್ಕೆ ಜಾಗ ಇದೆ. ಸಿಗ್ನಲ್ ವೈರಿನ ಮೇಲೆ ಓಮ್ ಅಳೆಯಬಾರದು.
5. ಹೀಟರ್ ಇರುವ ಸೆನ್ಸರ್ ಆದರೆ ಕಪ್ಲರ್ ಬಿಚ್ಚಿ ಹೀಟರಿನ ಎರಡು ಪಿನ್ ನಡುವೆ ಓಮ್ ಅಳತೆ. ಸಾಮಾನ್ಯವಾಗಿ ಕೆಲವೇ ಓಮ್ ಇರುತ್ತೆ. ಏನೂ ತೋರಿಸದಿದ್ದರೆ ಒಳಗೆ ತಂತಿ ಕಡಿದಿದೆ, ಸೆನ್ಸರ್ ಬದಲಿಸಲೇಬೇಕು.

ವೈರಿನ ಬಣ್ಣ, ಅಳತೆ ಗಾಡಿಯಿಂದ ಗಾಡಿಗೆ ಬದಲಾಗುತ್ತೆ. ಆದ್ದರಿಂದ ಆ ಗಾಡಿಯ ಮ್ಯಾನುಯಲ್ ಬೇಕು. ಆ ಮ್ಯಾನುಯಲ್ ಯಾರ ಕೈಯಲ್ಲಿದೆ ಅನ್ನುವುದೇ ದೊಡ್ಡ ಪ್ರಶ್ನೆ, ಅದಕ್ಕೆ ಆಮೇಲೆ ಬರುತ್ತೇನೆ.

ಬದಲಿಸಲೇಬೇಕಾದರೆ ಹೀಗೆ

ಹೊಸದು ಹಾಕುವಾಗ ಆಗುವ ತಪ್ಪಿನಿಂದ ಒಳ್ಳೆ ಸೆನ್ಸರೂ ಹಾಳಾಗುತ್ತೆ. ಅದಕ್ಕೇ ಮಾಲೀಕರಿಗೂ ಇದು ಗೊತ್ತಿರಬೇಕು.

ಹಳೆಯದು ಥ್ರೆಡ್ಡಿನಲ್ಲಿ ಕಚ್ಚಿಕೊಂಡಿರುತ್ತೆ. ಇಂಜಿನ್ ಉಗುರುಬೆಚ್ಚಗೆ ಇರುವಾಗ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಕಾದು, ಸರಿಯಾದ ಅಳತೆಯ ಪಾನಾ ಹಾಕಿ ಬಿಚ್ಚಬೇಕು. ವೈರ್ ದಾಟಿ ಹೋಗಲು ಸೀಳು ಇರುವ ಸೆನ್ಸರ್ ಸಾಕೆಟ್ ಸಿಗುತ್ತೆ. ಸುತ್ತಿಗೆಯಿಂದ ಬಡಿದು ತಿರುಗಿಸಿದರೆ ಪೈಪಿನ ಥ್ರೆಡ್ ಹೋಗುತ್ತೆ, ಆಗ ಸೆನ್ಸರ್ ಜೊತೆ ಸೈಲೆನ್ಸರ್ ಖರ್ಚು ಕೂಡ ಬೀಳುತ್ತೆ.

ಹೊಸ ಸೆನ್ಸರಿನ ಥ್ರೆಡ್ಡಿಗೆ ಸಾಮಾನ್ಯವಾಗಿ ಕಂಪನಿಯೇ ಆಂಟಿ ಸೀಜ್ ಪೇಸ್ಟ್ ಹಚ್ಚಿ ಕೊಟ್ಟಿರುತ್ತೆ. ಅದರ ಮೇಲೆ ಗ್ರೀಸ್, ಸಿಲಿಕೋನ್ ಏನನ್ನೂ ಹಚ್ಚಬಾರದು. ತುದಿಯ ರಂಧ್ರಗಳಿಗೆ ಪೇಸ್ಟ್ ತಾಗಲೇಬಾರದು. ಮೊದಲು ಕೈಯಲ್ಲೇ ತಿರುಗಿಸಿ ಥ್ರೆಡ್ ಸರಿಯಾಗಿ ಕೂತಿದೆ ಅಂತ ಖಾತ್ರಿ ಮಾಡಿಕೊಂಡು ಆಮೇಲೆ ಬಿಗಿಮಾಡಬೇಕು. ಕಾರಿನ 18 ಮಿ.ಮೀ. ಥ್ರೆಡ್ಡಿನ ಸೆನ್ಸರಿಗೆ ಸುಮಾರು 40ರಿಂದ 60 ನ್ಯೂಟನ್ ಮೀಟರ್ ಬಿಗಿ ಸಾಮಾನ್ಯ. ಬೈಕಿನ ಚಿಕ್ಕ ಸೆನ್ಸರಿಗೆ ಅಷ್ಟು ಬಿಗಿ ಹಾಕಿದರೆ ಮುರಿದೇ ಹೋಗುತ್ತೆ, ಮ್ಯಾನುಯಲ್ಲಿನ ಅಳತೆಯೇ ಗತಿ.

ಕಡಿದ ವೈರನ್ನು ಬೆಸುಗೆ ಹಾಕಿ ಜೋಡಿಸಬಾರದು. ಎಷ್ಟೋ ಸೆನ್ಸರುಗಳು ಹೋಲಿಕೆಗೆ ಬೇಕಾದ ಹೊರಗಿನ ಗಾಳಿಯನ್ನು ಆ ವೈರಿನ ಎಳೆಗಳ ಸಂದಿನಿಂದಲೇ ತೆಗೆದುಕೊಳ್ಳುತ್ತವೆ. ಸೀಸ ಅಥವಾ ಗ್ರೀಸ್ ಅದನ್ನು ಮುಚ್ಚಿಬಿಡುತ್ತೆ. ಕ್ರಿಂಪ್ ಮಾಡಿ ಜೋಡಿಸಬೇಕು.

ಬೇರೆ ಪೈಪ್ ಹಾಕಿ ಹೊಸದಾಗಿ ಸೆನ್ಸರ್ ಜಾಗ ವೆಲ್ಡ್ ಮಾಡಿಸುವವರು ಅದನ್ನು ಪೈಪಿನ ಮೇಲ್ಭಾಗದಲ್ಲೇ ಇಡಬೇಕು. ಅಡ್ಡ ಗೆರೆಗಿಂತ ಕನಿಷ್ಠ 10 ಡಿಗ್ರಿಯಾದರೂ ಮೇಲೆ, ತುದಿ ಕೆಳಮುಖವಾಗಿ ಇರಬೇಕು. ಪೈಪಿನ ತಳದಲ್ಲಿ ಇಟ್ಟರೆ ಬೆಳಗಿನ ಚಳಿಯಲ್ಲಿ ಹೊಗೆಯ ಆವಿ ನೀರಾಗಿ ಅದರ ಮೇಲೆ ನಿಲ್ಲುತ್ತೆ. ವೆಲ್ಡಿಂಗ್ ಮುಗಿದು ಪೈಪ್ ತಣ್ಣಗಾದ ಮೇಲೆ ಸೆನ್ಸರ್ ಹಾಕಬೇಕು.

ಕೊನೆಗೆ ಸ್ಕ್ಯಾನರಿನಲ್ಲಿ ಕೋಡ್ ಅಳಿಸಿ, ಒಂದು ಸುತ್ತು ಓಡಿಸಿ, ಮತ್ತೆ ಕೋಡ್ ಬರುತ್ತಾ ನೋಡಬೇಕು. ಆಗಲೇ ಕೆಲಸ ಮುಗಿದ ಲೆಕ್ಕ.

ನಾವು ಕೊಡದ ದುಡ್ಡು

ಇದನ್ನೆಲ್ಲ ಮೆಕ್ಯಾನಿಕ್ಕುಗಳ ಮುಂದೆ ಹೇಳಿದರೆ ಅವರದ್ದೊಂದು ಉತ್ತರ ಇದೆ, ಅದನ್ನು ತಳ್ಳಿಹಾಕಲು ಆಗುವುದಿಲ್ಲ. "ಒಂದು ಗಂಟೆ ಕೂತು ಹುಡುಕಿ, ಗ್ಯಾಸ್ಕೆಟ್ ಹಾಕಿ ಇನ್ನೂರು ಕೇಳಿದ್ರೆ, ಐವತ್ತು ರೂಪಾಯಿ ಸಾಮಾನಿಗೆ ಇನ್ನೂರಾ ಅಂತಾರೆ. ಸೆನ್ಸರ್ ಹಾಕಿ ಎರಡು ಸಾವಿರ ಅಂದ್ರೆ ಮಾತಾಡ್ದೆ ಕೊಡ್ತಾರೆ."

ಇದು ನಿಜ. ನಾವು ಸಾಮಾನಿಗೆ ದುಡ್ಡು ಕೊಡುತ್ತೇವೆ, ತಲೆ ಉಪಯೋಗಿಸಿದ್ದಕ್ಕೆ ಕೊಡುವುದಿಲ್ಲ. ಡಾಕ್ಟರ್ ನಾಡಿ ನೋಡಿ "ಏನೂ ಇಲ್ಲ, ಹೋಗಿ" ಅಂದರೂ ಫೀಸು ಕೊಟ್ಟು ಬರುವ ನಾವು, ಮೆಕ್ಯಾನಿಕ್ಕಿಗೆ ಮಾತ್ರ ಏನಾದರೂ ಬದಲಿಸಿದರೆ ಕೊಡುತ್ತೇವೆ. ಹಾಗಿದ್ದ ಮೇಲೆ ಅವನು ಬದಲಿಸದೆ ಇನ್ನೇನು ಮಾಡುತ್ತಾನೆ? ಪರೀಕ್ಷೆಗೆ ಇಷ್ಟು ಅಂತ ಬೋರ್ಡ್ ಹಾಕುವ ಗ್ಯಾರೇಜ್ ಬೇಕು, ಆ ದುಡ್ಡನ್ನು ಗೊಣಗದೆ ಕೊಡುವ ಗಿರಾಕಿಯೂ ಬೇಕು. ಪರೀಕ್ಷೆಗೆ ಇನ್ನೂರು ಕೊಟ್ಟು ಎರಡು ಸಾವಿರ ಉಳಿಸುವುದು ನಷ್ಟದ ವ್ಯಾಪಾರ ಅಲ್ಲ.

ಮ್ಯಾನುಯಲ್ ಯಾರ ಸ್ವತ್ತು?

ಈಗ ಆ ದೊಡ್ಡ ಪ್ರಶ್ನೆ. ಸರಿಯಾದ ಅಳತೆ, ವೈರಿಂಗ್ ನಕ್ಷೆ, ಆಯಾ ಕಂಪನಿಯ ಕೋಡ್ ಪಟ್ಟಿ ಹೆಚ್ಚಾಗಿ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲೇ ಉಳಿಯುತ್ತೆ. ಅದು ಇರುವುದು ತಾಲ್ಲೂಕು ಅಥವಾ ಜಿಲ್ಲಾ ಕೇಂದ್ರದಲ್ಲಿ. ಅಲ್ಲಿಗೆ ಹೋಗಿ ಬರಲು ಒಂದು ದಿನದ ಕೂಲಿ ಹೋಗುತ್ತೆ.

ಇದು ಸರಿಯಲ್ಲ ಅಂತ ದೇಶದ ಸಂಸ್ಥೆಗಳೇ ಹೇಳಿವೆ. ಬಿಡಿಭಾಗ, ಪರೀಕ್ಷಾ ಸಾಧನ, ರಿಪೇರಿ ಮಾಹಿತಿಯನ್ನು ಹೊರಗಿನ ಮೆಕ್ಯಾನಿಕ್ಕುಗಳಿಗೆ ಸಿಗದಂತೆ ಮಾಡಿದ್ದಕ್ಕೆ 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಅವನ್ನೆಲ್ಲ ಮುಕ್ತ ಮಾರುಕಟ್ಟೆಯಲ್ಲಿ ಸಿಗುವಂತೆ ಮಾಡಿ ಅಂತಲೂ ಆದೇಶಿಸಿತು. ಕಂಪನಿಗಳು ಮೇಲ್ಮನವಿಯ ದಾರಿ ಹಿಡಿದವು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕು' ಕುರಿತು ಸಮಿತಿ ಮಾಡಿ ನಾಲ್ಕು ಕ್ಷೇತ್ರ ಗುರುತಿಸಿತು. ಕೃಷಿ ಯಂತ್ರ, ಮೊಬೈಲ್, ಮನೆ ಬಳಕೆಯ ಯಂತ್ರಗಳ ಜೊತೆಗೆ ವಾಹನವೂ ಅದರಲ್ಲಿದೆ. ಪೋರ್ಟಲ್ ಕೂಡ ಶುರುವಾಯಿತು. ಆದರೆ ಪೋರ್ಟಲ್ಲಿನಲ್ಲಿ ಕಂಪನಿಯ ಹೆಸರು ಇದ್ದರೆ ಸಾಲದು. ನಮ್ಮ ಮೆಕ್ಯಾನಿಕ್ಕಿಗೆ ಬೇಕಿರುವುದು ಫೋನಿನಲ್ಲಿ ತೆರೆದು ನೋಡಬಹುದಾದ, ಸಾಧ್ಯವಾದರೆ ಕನ್ನಡದಲ್ಲೇ ಇರುವ ಒಂದು ಪುಟ. ಈ ಗಾಡಿಯ ಸೆನ್ಸರಿಗೆ ಇಷ್ಟು ಬಿಗಿ, ಇಷ್ಟು ಓಮ್, ಈ ವೈರ್ ಸಿಗ್ನಲ್, ಅಷ್ಟೇ. ಮಾರುವಾಗ ಜಾಹೀರಾತನ್ನು ಕನ್ನಡದಲ್ಲಿ ಕೊಡಲು ಆಗುವ ಕಂಪನಿಗೆ ಇದನ್ನು ಕೊಡಲು ಕಷ್ಟ ಏನಿದೆ?

ಇನ್ನು ತರಬೇತಿ. ಕರ್ನಾಟಕ ಸರ್ಕಾರ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದೆ. 2022ರ ಜೂನಿನಲ್ಲಿ ಉದ್ಘಾಟನೆಯಾದ ಈ ಯೋಜನೆಯ ಗಾತ್ರ 4,600 ಕೋಟಿ ರೂಪಾಯಿಗೂ ಹೆಚ್ಚು. ಅಲ್ಲಿನ ಹೊಸ ಯಂತ್ರಗಳು ಹಗಲು ಕಲಿಯುವ ಹುಡುಗರಿಗೆ ಮಾತ್ರ ಯಾಕೆ? ಇಪ್ಪತ್ತು ವರ್ಷದಿಂದ ಕೈಗೆ ಎಣ್ಣೆ ಮಾಡಿಕೊಂಡ, ಹತ್ತನೇ ಕ್ಲಾಸ್ ದಾಟದ ಮೆಕ್ಯಾನಿಕ್ಕಿಗೆ ವಾರಕ್ಕೆ ಒಂದು ಸಂಜೆ ಬಾಗಿಲು ತೆರೆಯಲಿ. ನಾಲ್ಕು ಸಂಜೆ ಸಾಕು: ಸ್ಕ್ಯಾನರ್ ಓದುವುದು, ಮೀಟರ್ ಹಿಡಿಯುವುದು, ಸೆನ್ಸರ್ ಪರೀಕ್ಷೆ, ಸೆನ್ಸರ್ ಕೂರಿಸುವುದು. ಐದಾರು ಗ್ಯಾರೇಜಿನವರು ಸೇರಿ ಒಂದು ಸ್ಕ್ಯಾನರ್ ಕೊಂಡು ಹಂಚಿಕೊಳ್ಳಲೂಬಹುದು. ಸ್ಪ್ರೇಯರ್, ಟಿಲ್ಲರ್ ಹಂಚಿಕೊಂಡು ಬಳಸುವುದು ನಮಗೆ ಹೊಸದೇನಲ್ಲ.

ಅಲ್ಲಿಯವರೆಗೆ ಗಾಡಿ ಮಾಲೀಕರು ಗ್ಯಾರೇಜಿನಲ್ಲಿ ಮೂರು ಮಾತು ಕೇಳಿದರೆ ಸಾಕು. ಕೋಡ್ ಏನು ಬಂತು? ಗ್ಯಾಸ್ಕೆಟ್, ವೈರ್ ನೋಡಿದ್ರಾ? ಹಳೇ ಸೆನ್ಸರ್ ನನ್ನ ಕೈಗೆ ಕೊಡ್ತೀರಾ? ಕೇಳುವಾಗ ದನಿ ಎತ್ತಬೇಡಿ, ಪರೀಕ್ಷೆಯ ದುಡ್ಡು ಎಷ್ಟಾದರೂ ಕೊಡ್ತೀನಿ ಅಂತ ಮೊದಲೇ ಹೇಳಿ. ಈ ಮಾತು ಕೇಳಿದ ಮೇಲೆ ಒಳ್ಳೆ ಮೆಕ್ಯಾನಿಕ್ ಪಾನಾ ಕೆಳಗಿಟ್ಟು ಮೊದಲು ಬೆಂಡ್ ಪೈಪಿನ ಕಡೆ ಬಗ್ಗುತ್ತಾನೆ.